ಬೇಗ ತುಂಬ್ರಿ, ಬೇಗ!

ರಿಯಾಯಿತಿ ಅಂಗಡಿಯ ಬಿಲ್ ಕೌಂಟರಿನಿಂದ ಮರ್ಯಾದೆ ಉಳಿಸಿಕೊಂಡು ಹೊರಗೆ ಬಂದವರು ಯಾರಾದರೂ ಇದ್ದರೆ ನನಗೊಮ್ಮೆ ತೋರಿಸಿ, ಕೈಮುಗಿಯುತ್ತೇನೆ. ಒಳಗೆ ಗಂಟೆಗಟ್ಟಲೆ ಸುತ್ತಿದರೂ ಕೇಳುವವರಿಲ್ಲ. ಕೌಂಟರಿಗೆ ಬಂದಿರೋ, ಎಲ್ಲಿಲ್ಲದ ಅವಸರ. ಬಿಲ್ ಮಾಡುವ ಹುಡುಗಿ ಟುಂಯ್ ಟುಂಯ್ ಎನ್ನಿಸುತ್ತ ಸಾಮಾನು ತಳ್ಳುತ್ತಾಳೆ, ಚೀಲಕ್ಕೆ ತುಂಬಿಕೊಳ್ಳುವ ಕರ್ಮ ನಮ್ಮದು. ಅಗ್ಗಕ್ಕೆ ಸಿಗುತ್ತದೆಂದು ಬಾಯಿ ಬಿಟ್ಟುಕೊಂಡು ಹೋಗುವವರಿಗೆ ಇದು ಆಗಬೇಕಾದ್ದೇ. ನಾನೂ ಹೋಗುತ್ತೇನೆ, ಅದು ಬೇರೆ ಮಾತು.

ಇಂಜಿನಿಯರರ ಚೀಲ

ನಮ್ಮ ಯಜಮಾನರು ಇಂಜಿನಿಯರು. ಸಿರುಗುಪ್ಪದ ಅಂಗಡಿಯಲ್ಲಿ ಚೀಲ ತುಂಬುವಾಗಲೂ ಅದನ್ನು ಮರೆಯುವುದಿಲ್ಲ.

"ಭಾರದ್ದು ಕೆಳಗ, ಹಗುರದ್ದು ಮ್ಯಾಲ. ನೀ ಕೈ ಹಚ್ಚಬ್ಯಾಡ" ಎಂದರು ನನಗೆ.

ಹುಡುಗಿ ಮೊದಲು ತಳ್ಳಿದ್ದು ಹಪ್ಪಳ. ಅದು ಕೆಳಗೆ ಹೋಗುವಂತಿಲ್ಲವಲ್ಲ, ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ ಬ್ರೆಡ್ಡು, ಅದು ಇನ್ನೊಂದು ಕಂಕುಳಿಗೆ. ಎರಡೂ ಕೈಗೆ ಟೊಮ್ಯಾಟೊ ಕವರು ಬಂತು. ಶ್ಯಾವಿಗೆ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿದರು. ಕೊನೆಗೆ ಅಕ್ಕಿಯ ಮೂಟೆ ಬಂದು ನಿಂತಿತು. ಚೀಲ ಇನ್ನೂ ಖಾಲಿ.

ಹಿಂದಿದ್ದ ರೈತರೊಬ್ಬರು ಬಹಳ ಗೌರವದಿಂದ ಹೇಳಿದರು: "ಸರ, ಅಕ್ಕಿ ಬಂತ್ ನೋಡ್ರಿ. ಇನ್ನ ಬುನಾದಿ ಹಾಕ್ರಿ!"



ಕಿರಾಣಿ ಕೈ

ಕುರುಗೋಡು ನನ್ನ ತವರು. ಅಲ್ಲಿನ ಹಳೆಯ ಕಿರಾಣಿ ಅಂಗಡಿಯ ಯಜಮಾನರು ಊರಿಗೆ ಹೊಸದಾಗಿ ಬಂದ ರಿಯಾಯಿತಿ ಅಂಗಡಿಯನ್ನು ಕಂಡರೆ ಉರಿದುಬೀಳುತ್ತಿದ್ದರು. "ಅದೊಂದು ಅಂಗಡಿನೇನವ್ವಾ? ಮಾತಿಲ್ಲ ಕತಿಯಿಲ್ಲ!" ಎನ್ನುವರು. ಒಂದು ದಿನ ನೋಡಿದರೆ ಅದೇ ಅಂಗಡಿಯ ಬಿಲ್ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದಾರೆ, ಟವೆಲಿನಿಂದ ಅರ್ಧ ಮುಖ ಮುಚ್ಚಿಕೊಂಡು!

ಅವರು ಚೀಲ ತುಂಬುವುದನ್ನು ನೋಡಬೇಕಿತ್ತು. ಹುಡುಗಿ ತಳ್ಳುವಷ್ಟರಲ್ಲಿ ಬೆಲ್ಲ, ಬೇಳೆ, ಸಾಬೂನು ಸರಸರನೆ ಒಳಗೆ. ಜೀವಮಾನವಿಡೀ ಪೊಟ್ಟಣ ಕಟ್ಟಿದ ಕೈ. ಅವರದು ಮುಗಿದರೂ ಆ ಕೈ ನಿಲ್ಲಲಿಲ್ಲ. ನನ್ನ ಚೀಲ ಎಳೆದುಕೊಂಡು ನನ್ನ ಸಾಮಾನನ್ನೂ ತುಂಬಿದರು. ಆಮೇಲೆ ಕೌಂಟರಿಗೆ ಎರಡೂ ಅಂಗೈ ಊರಿ, ಮುಖದ ಟವೆಲು ಜಾರಿದ್ದೂ ಗೊತ್ತಾಗದೆ, ನನ್ನನ್ನೇ ಕೇಳಿದರು:

"ಮತ್ತೇನು ಕೊಡ್ಲವ್ವಾ?"

ಬಳ್ಳಾರಿಯಲ್ಲಿ ನಮ್ಮತ್ತೆ

ಬಳ್ಳಾರಿಯ ದೊಡ್ಡ ಅಂಗಡಿಗೆ ನಮ್ಮತ್ತೆಯನ್ನು ಕರೆದುಕೊಂಡು ಹೋದದ್ದು ನಾನೇ. ಚೀಲವನ್ನು ಸ್ಕೂಟರಿನಲ್ಲೇ ಬಿಟ್ಟದ್ದೂ ನಾನೇ. ಅಲ್ಲಿಯ ಮ್ಯಾನೇಜರ್ ಎಂಬ ಪ್ರಾಣಿ ನೆತ್ತಿಯ ಮೇಲೆ ನಿಂತು, "ಬೇಗ ತುಂಬ್ರಿ ಅಮ್ಮಾ, ಹಿಂದ ಜನ ನಿಂತಾರ" ಎಂದು ಒದರತೊಡಗಿದ.

ಅತ್ತೆ ಸೆರಗು ಒಡ್ಡಿದರು. "ಹಾಕವ್ವಾ, ಇದರಾಗ ಹಾಕು."

ಹುಡುಗಿ ಅಕ್ಕಿ ಪೊಟ್ಟಣ ಹಾಕಿದಳು. ಹಿಂದೆ ಸಂಗನಕಲ್ಲಿನ ಮುತ್ತೈದೆಯೊಬ್ಬರಿದ್ದರು. ಎದುರಿಗೆ ಸೆರಗು ಒಡ್ಡಿದ ಹಿರಿಯ ಮುತ್ತೈದೆ, ಸೆರಗಿನಲ್ಲಿ ಅಕ್ಕಿ. ಆಕೆಯ ಕೈ ಸುಮ್ಮನಿದ್ದೀತೆ? ತಮ್ಮ ಬುಟ್ಟಿಯ ತೆಂಗಿನಕಾಯಿ ತೆಗೆದು ಉಡಿ ತುಂಬಿಯೇಬಿಟ್ಟರು. ಅವರ ಹಿಂದಿನಾಕೆ ಬಾಳೆಹಣ್ಣು ಹಾಕಿದಳು. ಅತ್ತೆ ಒಬ್ಬೊಬ್ಬರನ್ನೂ ನಿಧಾನವಾಗಿ ಹರಸಿದರು. ಮ್ಯಾನೇಜರ್ ತಲೆ ಹಿಡಿದುಕೊಂಡ.

ಬಾಗಿಲಲ್ಲಿ ಬಿಲ್ ನೋಡುವ ಕಾವಲುಗಾರ ಅಡ್ಡ ನಿಂತ. ಆಳೆತ್ತರ, ಗಿರಿಜಾ ಮೀಸೆ.

"ಕಾಯಿ, ಬಾಳಿಹಣ್ಣು ಬಿಲ್ಲಿನಾಗಿಲ್ರಿ."

ಸಾಲಿನವರೆಲ್ಲ ತಿರುಗಿ ನೋಡಿದರು. "ಈ ವಯಸ್ಸಿನಾಗ ಕಳ್ಳತನ" ಎಂದು ಯಾರೋ ಅಂದರು. ಇನ್ನೊಬ್ಬರ ಮನೆಯ ಕರಿಬೇವಿನ ಎಲೆಯನ್ನೂ ಕೇಳದೆ ಕೀಳದ ಹೆಂಗಸು ನಮ್ಮತ್ತೆ. ಕರೆದುಕೊಂಡು ಬಂದು ಕಳ್ಳಿ ಅನ್ನಿಸಿದೆನಲ್ಲ ಎಂದು ಅಳುವೇ ಬಂತು. ಸಂಗನಕಲ್ಲಿನಾಕೆ "ಅದು ನಾ ಕೊಟ್ಟಿದ್ರೀ!" ಎಂದು ಕೂಗಿದರೂ ಮ್ಯಾನೇಜರ್ ಕೇಳಿಸಿಕೊಳ್ಳಲಿಲ್ಲ.

"ನೋಡ್ತಾ ನಿಂತೀಯೇನ್ಲೇ? ಇಸ್ಕೋ ಅದನ್ನ!" ಎಂದು ಅಲ್ಲಿಂದಲೇ ಅರಚಿದ.

ಕಾವಲುಗಾರ ಕೈ ಚಾಚಿದ. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು.

"ಉಡಿಗೆ ಬಿದ್ದದ್ದನ್ನ ಹಂಗ ಕೈಯಾಗ ಕಸೀತಾರೇನೋ, ತಮ್ಮಾ? ಬೇಕಂದ್ರ ನೀನೂ ಉಡಿ ಒಡ್ಡು."

ಆತ ಮ್ಯಾನೇಜರನನ್ನು ನೋಡಿದ, ಅತ್ತೆಯನ್ನು ನೋಡಿದ. ಒಂದು ಕಡೆ ನೌಕರಿ, ಇನ್ನೊಂದು ಕಡೆ ಪಾಪ. ಕೊನೆಗೆ ಯೂನಿಫಾರ್ಮಿನ ಅಂಗಿಯನ್ನು ಪ್ಯಾಂಟಿನಿಂದ ಎಳೆದು, ಎರಡೂ ಕೈಯಲ್ಲಿ ಅದರ ಅಂಚು ಹಿಡಿದು, ಮದುಮಗಳಂತೆ ತಲೆ ತಗ್ಗಿಸಿ ಒಡ್ಡಿದ.

ಅತ್ತೆ ಕಾಯಿ ಇಟ್ಟರು, ಬಾಳೆಹಣ್ಣು ಇಟ್ಟರು. ತಮ್ಮ ಹಣೆಯ ಕುಂಕುಮವನ್ನೇ ಬೆರಳಿಗೆ ತಾಗಿಸಿ ಅವನ ಹಣೆಗೆ ಹಚ್ಚಿ, ಇಡೀ ಅಂಗಡಿಗೆ ಕೇಳುವಂತೆ ಹರಸಿದರು:

"ವರ್ಷ ತುಂಬೂದ್ರಾಗ ನಿನ್ನ ಹೊಟ್ಟ್ಯಾಗ ಗಂಡು ಕೂಸು ಹುಟ್ಟಲಿ!"