ಎಂಟನೆಯ ಮನೆಗೆ ಕವಿದ ಕತ್ತಲೆ

ಮುಂಬಯಿಯಲ್ಲಿರುವವರಿಗೆ ಊರಿನ ನೆಂಟರ ಮುಂದೆ ಜಂಭ ಕೊಚ್ಚಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಮನೆ ಬೆಂಕಿಪೊಟ್ಟಣದಷ್ಟು, ನೀರು ಬೆಳಗಿನ ಹೊತ್ತು ಮಾತ್ರ, ಲೋಕಲ್‌ನಲ್ಲಿ ಎರಡೂ ಕಾಲೂರಲು ಜಾಗ ಸಿಕ್ಕರೆ ಅದೇ ಸೀಟು. ಆದರೆ ಒಂದು ಮಾತನ್ನು ಮಾತ್ರ ನಾವು ಎದೆಯುಬ್ಬಿಸಿ ಹೇಳುತ್ತಿದ್ದೆವು: ನಮ್ಮಲ್ಲಿ ಕರೆಂಟು ಹೋಗುವುದಿಲ್ಲ. ಮೈಸೂರಿನಿಂದ ಬಂದಿದ್ದ ನನ್ನ ಭಾವಮೈದುನ ಕತ್ತಲಾಗುತ್ತಲೇ ಅಭ್ಯಾಸಬಲದಿಂದ ಮೇಣದಬತ್ತಿ ಎಲ್ಲಿದೆಯೆಂದು ಕೇಳಿದಾಗ ನಾನು ನಕ್ಕಿದ್ದನ್ನು ಅವನು ಇನ್ನೂ ಮರೆತಿಲ್ಲ. ಹಾಗೆ ನಕ್ಕವನ ಮನೆಯಲ್ಲೇ ಒಂದು ಭಾನುವಾರ ಮುಸ್ಸಂಜೆ, ಕಂಪ್ಯೂಟರಿನಲ್ಲಿ ಒಬ್ಬ ಹುಡುಗನ ಜಾತಕ ಮೂಡುತ್ತಿದ್ದಾಗ ಕರೆಂಟು ಹೋಯಿತು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಂಪ್ಯೂಟರ್ ಜಾತಕವೆಂದರೆ ಜನಕ್ಕೆ ಹುಚ್ಚು. ಪರೇಲಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ನಾನು ಒಂದು ಸೆಕೆಂಡ್‌ಹ್ಯಾಂಡ್ ಯಂತ್ರ ತಂದು ಕಾಂದಿವಲಿಯ ನಮ್ಮ ಮನೆಯ ಹಾಲಿನಲ್ಲಿ ಸ್ಥಾಪಿಸಿದ್ದೆ. ನನಗೆ ಜ್ಯೋತಿಷವೂ ಬಾರದು, ಕಂಪ್ಯೂಟರೂ ಬಾರದು. ಆದರೂ ಹುಟ್ಟಿದ ದಿನ, ಹೊತ್ತು, ಊರು ಒತ್ತಿದರೆ ಸಾಕು, ಹಸಿರು ಪರದೆಯ ಮೇಲೆ ಕುಂಡಲಿ ಗೆರೆಗೆರೆಯಾಗಿ ತಾನೇ ಮೂಡುತ್ತಿತ್ತು. ನಾನು ಕಣ್ಣು ಮುಚ್ಚಿ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ನೆರೆಹೊರೆಯವರೆಲ್ಲ ಮರಾಠಿ, ಗುಜರಾತಿ ಜನ. ಅವರ ಕುಂಡಲಿಯ ಗೆರೆಗಳು ಓರೆಯಾಗಿ ಹಾಯ್ದಿರುತ್ತವೆ. ಯಾರದೇ ಆಗಲಿ, ಆಯುಷ್ಯ ಹೇಳುವ ಎಂಟನೆಯ ಮನೆ ಕೆಳಗೆ ಬಲಕ್ಕೇ ಇರುತ್ತದೆ. ನಮ್ಮ ಕಡೆಯ ಚೌಕದಲ್ಲಿ ಹಾಗಲ್ಲ. ರಾಶಿಗಳು ಕದಲುವುದಿಲ್ಲ, ಮನೆಗಳನ್ನು ಲಗ್ನದಿಂದ ಎಣಿಸಬೇಕು, ಎಂಟನೆಯದು ಒಬ್ಬೊಬ್ಬರಿಗೆ ಒಂದೊಂದು ಮೂಲೆಯಲ್ಲಿ ಬೀಳುತ್ತದೆ. ಯಂತ್ರಕ್ಕೆ ಎರಡೂ ಬರುತ್ತಿದ್ದವು. ಬದಲಾಯಿಸುವ ಸೋಮಾರಿತನದಿಂದ ನಾನು ಎಲ್ಲರಿಗೂ ಓರೆಗೆರೆಯದನ್ನೇ ಕೊಡುತ್ತಿದ್ದೆ. ನನ್ನ ಹೆಂಡತಿ ಶಾರದೆ ಅದನ್ನು ನೋಡಿದಾಗಲೆಲ್ಲ, "ಇದು ಜಾತಕ ಅಲ್ಲ ರೀ, ಗಾಳಿಪಟ" ಎನ್ನುತ್ತಿದ್ದಳು.

ಅಂದು ಬಂದಿದ್ದವರು ಗ್ರಾಂಟ್ ರೋಡಿನ ಹೋಟೆಲೊಂದರ ಮ್ಯಾನೇಜರ್, ಉಡುಪಿ ಕಡೆಯ ಭುಜಂಗಣ್ಣ, ಜೊತೆಗೆ ಅವರ ತಂಗಿಯ ಮಗಳು ಸುಜಾತ. ಅವಳು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು. ಅದೇ ಬ್ಯಾಂಕಿನ ಹುಡುಗನನ್ನು ಮೆಚ್ಚಿದ್ದಳು, ಅವನೂ ಮೆಚ್ಚಿದ್ದ. ತಂದೆಯಿಲ್ಲದ ಹುಡುಗಿಗೆ ಮಾಮನ ಒಪ್ಪಿಗೆಯೇ ಕೊನೆಯ ಮಾತು. ಮಾಮನಿಗೆ ಕಂಪ್ಯೂಟರಿನ ಒಪ್ಪಿಗೆ ಬೇಕಿತ್ತು.

ಕರೆಂಟು ಹೋದಾಗ ಇಡೀ ಬಿಲ್ಡಿಂಗಿನ ಟಿ.ವಿ.ಗಳು, ಫ್ಯಾನುಗಳು ಒಟ್ಟಿಗೆ ಸತ್ತವು. ಮುಂಬಯಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪಕ್ಕದ ಮನೆಯ ಮಗು ಅಳಲು ಬಾಯಿ ತೆರೆದು ಸುಮ್ಮನಾಯಿತು. ಪರದೆಯ ಹಸಿರು ಒಂದು ಚುಕ್ಕೆಯಾಗಿ ಕುಗ್ಗಿ, ನಮ್ಮನ್ನು ಒಮ್ಮೆ ನೋಡಿ, ಆರಿತು. ಸ್ವಲ್ಪ ಹೊತ್ತಿಗೆ ಧಡ್ ಎಂದು ಕರೆಂಟು ಬಂತು. ನಾನು ಮತ್ತೆ ಹುಡುಗನ ವಿವರ ಒತ್ತಿದೆ. ಗೆರೆಗಳು ಮೇಲಿನಿಂದ ಇಳಿಯುತ್ತಾ ಬಂದು, ಕೆಳಗಿನ ಒಂದು ಪಟ್ಟಿಯ ಹತ್ತಿರ ಹೆದರಿದಂತೆ ನಿಂತುಬಿಟ್ಟವು. ಅಲ್ಲಿಂದ ಮುಂದೆ ಕಪ್ಪು. ಆ ಕಪ್ಪಿನೊಳಗೆ ಸಣ್ಣ ಚುಕ್ಕೆಗಳು ಇರುವೆಗಳ ಹಾಗೆ ಸರಿದಾಡುತ್ತಿದ್ದವು.

"ಇದೆಂಥದು ಮಾರಾಯ್ರೆ," ಎಂದರು ಭುಜಂಗಣ್ಣ ತಗ್ಗಿದ ದನಿಯಲ್ಲಿ. "ಹುಡುಗನ ಆಯುಷ್ಯದ ಮನೆಯೇ ಇಲ್ಲವಲ್ಲ."

"ಅಂಕಲ್, ನಂದು ಕೂಡ ಹಾಕಿ ನೋಡಿ ನಾ," ಎಂದಳು ಸುಜಾತ. ಹಾಕಿದೆ. ಅವಳದ್ದೂ ಕಪ್ಪು. "ದೇಖೋ ಮಾಮ, ಇಬ್ಬರದ್ದೂ ಸೇಮ್. ಸಾಥ್ ಮೇ, ಒಟ್ಟಿಗೇ ಹೋಗ್ತೇವೆ, ಮತ್ತೆಂಥ ಪ್ರಾಬ್ಲಂ?" ಎಂದು ನಕ್ಕಳು. ಆದರೆ ಅವಳ ಬೆರಳುಗಳು ದುಪಟ್ಟಾದ ಅಂಚನ್ನು ಹಿಂಡುತ್ತಿದ್ದವು.

ನಾನು ಯಂತ್ರವನ್ನು ಆರಿಸಿ ಹಚ್ಚಿದೆ. ವೈರು ಕಿತ್ತು ಸಿಕ್ಕಿಸಿದೆ. ಹಳೆಯ ರೇಡಿಯೊಗೆ ಕೊಡುವಂತೆ ಪರದೆಯ ಕೆನ್ನೆಗೆ ಒಂದು ಕೊಟ್ಟೆ. ಕಪ್ಪು ಅಲುಗಲಿಲ್ಲ. ಶಾರದೆ ಅವರಿಬ್ಬರನ್ನೂ ಕಾಫಿಗೆ ಒಳಗೆ ಕರೆದಾಗ ನಾನು ಒಂದು ಕೆಲಸ ಮಾಡಿದೆ. ಊರವರ ಜಾತಕವನ್ನೆಲ್ಲ ತೆಗೆದಿದ್ದ ನಾನು ಅದುವರೆಗೆ ನನ್ನದನ್ನು ತೆಗೆದಿರಲಿಲ್ಲ. ಮೆಲ್ಲಗೆ ನನ್ನ ವಿವರ ಒತ್ತಿದೆ. ಹೆಸರು ಮೂಡಿತು, ಗೆರೆ ಇಳಿಯಿತು. ಎಂಟನೆಯ ಮನೆಯ ಅಂಚಿನಲ್ಲಿ ಶನಿಯ ಅಕ್ಷರದ ತಲೆ ಮಾತ್ರ ಕಂಡಿತು. ಉಳಿದ ಮೈ ಕತ್ತಲೆಯಲ್ಲಿ ಮುಳುಗಿತ್ತು. ಯಂತ್ರ ಕೆಟ್ಟಿದೆ ಎಂದು ಬುದ್ಧಿ ಹೇಳಿತು. ಮೈಮೇಲೆ ಎದ್ದ ಕೂದಲು ಬೇರೆಯೇ ಹೇಳಿತು. ನಿಜ ಹೇಳುತ್ತೇನೆ, ನನಗೆ ತುಂಬ ಹೆದರಿಕೆಯಾಯಿತು. ಹೆಜ್ಜೆ ಸಪ್ಪಳ ಕೇಳಿದ ತಕ್ಷಣ ಅಳಿಸಿ, ಹುಡುಗನದನ್ನೇ ಮತ್ತೆ ಹಾಕಿದೆ.

"ಮಿಷನ್ ಹಾಳಾಗಿದೆ ಭುಜಂಗಣ್ಣ," ಎಂದೆ.

"ಹಾಳಾದರೆ ಇಡೀ ಹಾಳಾಗಬೇಕು. ಸರಿಯಾಗಿ ಅದೇ ಜಾಗ ಹಾಳಾಗುವುದು ಹೇಗೆ? ಇದು ಬೇಡ. ಈ ಸಂಬಂಧ ಬೇಡವೇ ಬೇಡ." ಅವರು ಚಪ್ಪಲಿ ಹುಡುಕತೊಡಗಿದರು. ಸುಜಾತ ಎದ್ದೇಳಲಿಲ್ಲ. ಅವಳ ನಗು ಎಲ್ಲಿಗೋ ಹೋಗಿ ಕಣ್ಣು ತುಂಬಿಕೊಂಡಿತ್ತು. ನನ್ನ ಡಬ್ಬಿಯೊಂದು ಹುಡುಗಿಯ ಬಾಳನ್ನು ಹೀಗೆ ನುಂಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದೆ, "ನಮ್ಮ ಚೌಕದಲ್ಲಿ ಹಾಕಿ ನೋಡಿ ರೀ," ಎಂದಳು. "ಯಮ ಆದರೆ ಎಂಟನೇ ಮನೆ ಎಲ್ಲಿದ್ದರೂ ಹುಡುಕಿಕೊಂಡು ಹೋಗ್ತಾನೆ. ಮಿಷನ್ ತೊಂದರೆ ಆದರೆ ಕಪ್ಪು ಇದ್ದಲ್ಲೇ ಇರುತ್ತೆ."

ಭುಜಂಗಣ್ಣ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರು. ಹುಡುಗನದು ಸಿಂಹ ಲಗ್ನ. ಎಣಿಸಿದರೆ ಎಂಟನೆಯದು ಮೀನ, ಚೌಕದ ಮೇಲಿನ ಎಡಮೂಲೆ. ಚೌಕ ಮೂಡತೊಡಗಿತು. ಮೀನದ ಮನೆ ಗುಡಿಸಿಟ್ಟ ಅಂಗಳದಂತೆ ಸ್ವಚ್ಛವಾಗಿ ಹೊಳೆಯಿತು. ಕಪ್ಪು ಪಟ್ಟಿ ಮಾತ್ರ ಹಿಂದಿದ್ದಲ್ಲೇ ಬಿದ್ದುಕೊಂಡು, ಈಗ ಧನುಸ್ಸಿನಿಂದ ಕನ್ಯೆಯವರೆಗೆ ಕೆಳಸಾಲನ್ನೆಲ್ಲ ತಿಂದುಹಾಕಿತ್ತು.

"ಆಯುಷ್ಯ ಉಂಟು," ಎಂದು ಭುಜಂಗಣ್ಣ ಬೆರಳು ಮಡಿಚಿ ಎಣಿಸಿದರು. "ಆದರೆ ಈಗ ಮಕ್ಕಳ ಮನೆ ಹೋಯಿತಲ್ಲ ಮಾರಾಯ್ರೆ."

"ಮಾಮ, ಅದು ಸ್ಕ್ರೀನ್ ಖರಾಬ್ ಆಗಿದ್ದು," ಎಂದಳು ಸುಜಾತ. ಈ ಸಲ ನಿಜವಾಗಿ ನಕ್ಕಳು.

ನನಗೆ ಧೈರ್ಯ ಬಂತು. ಯಂತ್ರ ಆರಿಸಿ ಡಬ್ಬಿಯ ಮುಚ್ಚಳ ಬಿಚ್ಚಿದೆ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಎಂಬ ಹಲಗೆ ಒಂದು ಕಡೆ ತುಸು ಮೇಲೆದ್ದು ಕೂತಿತ್ತು. ಮಾರಿದವನು ಹೇಳಿಕೊಟ್ಟಿದ್ದಂತೆ ಅದನ್ನು ಎಳೆದು, ಅದರ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಮತ್ತೆ ಒತ್ತಿ ಕೂರಿಸಿದೆ. ಹಚ್ಚಿ ಚೌಕ ಹಾಕಿದಾಗ ಕಪ್ಪು ಮಾಯವಾಗಿತ್ತು. ಮಕ್ಕಳ ಮನೆಯಲ್ಲಿ ಗುರು ಕಾಲು ಚಾಚಿ ಕೂತಿದ್ದ. ಭುಜಂಗಣ್ಣ ಪರದೆಗೇ ಕೈಮುಗಿದರು. ಹೊರಡುವಾಗ, "ಹುಡುಗನನ್ನು ನಾಡಿದ್ದು ಹೋಟೆಲಿಗೆ ಊಟಕ್ಕೆ ಬರಲಿಕ್ಕೆ ಹೇಳು," ಎಂದು ಸುಜಾತಳ ತಲೆ ಸವರಿದರು.

ಬಾಗಿಲು ಹಾಕಿ ಬಂದ ಶಾರದೆ, "ಆಗ ನಿಮ್ಮದನ್ನೂ ಕದ್ದು ನೋಡ್ತಾ ಇದ್ರಲ್ಲ," ಎಂದಳು. "ಈಗ ಮಿಷನ್ ಸರಿಹೋಯ್ತಲ್ಲ, ಹಾಕಿ ನೋಡೋಣ."

ಯಂತ್ರ ಬಿಸಿಯಾಗಿದೆ, ಸ್ವಲ್ಪ ಆರಲಿ ಎಂದೆ. ಅದು ಆರಿ ಎಷ್ಟೋ ವರ್ಷಗಳಾದವು. ನಾನಿನ್ನೂ ಹಾಕಿ ನೋಡಿಲ್ಲ. ಕಾರ್ಡು ಸರಿಹೋಗಿತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೆದರಿಕೆಯಾದದ್ದೇ ಅದಕ್ಕೆ.