ಕತ್ತಲೆಯ ಮದ್ದು

ಕೋಟೊಂದಕ್ಕೆ ಎರಡೂ ಎಡಗೈ ತೋಳುಗಳನ್ನೇ ಹೊಲಿದುಬಿಟ್ಟದ್ದು ಟೈಲರಿಗೆ ತಿಳಿದದ್ದು, ಗಿರಾಕಿ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗಲೇ. ಬಲಗೈ ತಿರುಚಿಕೊಂಡು ಆತ ಪೊಲೀಸರ ಕೈಗೆ ಸಿಕ್ಕ ಕಳ್ಳನಂತೆ ಕಾಣುತ್ತಿದ್ದ.

"ನನ್ನ ಮಿದುಳಿಗೆ ಮುಪ್ಪು ಬಂತು ಕಣೋ," ಎಂದು ಟೈಲರ್ ಬಾಮೈದನ ಮುಂದೆ ತಲೆ ಚಚ್ಚಿಕೊಂಡ. ಬಾಮೈದ ಪ್ರಯೋಗಾಲಯವೊಂದರಲ್ಲಿ ಇಲಿಗಳನ್ನು ನೋಡಿಕೊಳ್ಳುವವನು. ತಾನೂ ಅರ್ಧ ವಿಜ್ಞಾನಿಯೇ ಎಂಬುದು ಅವನ ನಂಬಿಕೆ.

"ಅದೆಲ್ಲ ಮೈಕ್ರೋ ಆರ್‌ಎನ್‌ಎ ಆಟ ಭಾವ. ಜೀವಕೋಶದೊಳಗಿನ ಪುಟಾಣಿ ಮೇಸ್ತ್ರಿಗಳಿದ್ದಂಗೆ. ಯಾವ ಕೆಲಸ ನಡೀಬೇಕು, ಯಾವುದು ನಿಲ್ಲಬೇಕು ಅಂತ ನೋಡ್ಕೊಳ್ತಾವೆ. ವಯಸ್ಸಾದಂಗೆ ಅವೇ ದಾರಿ ತಪ್ತಾವೆ. ಮೆಲಟೋನಿನ್ ಅನ್ನೋ ಹಾರ್ಮೋನು ಕೊಟ್ರೆ ಸರಿಹೋಗ್ತಾವೇನೋ ಅಂತ ನಮ್ಮ ಇಲಿಗಳ ಮೇಲೆ ನೋಡ್ತಿದ್ದಾರೆ."

ಟೈಲರಿಗೆ ಮೇಸ್ತ್ರಿ ಅರ್ಥವಾದ, ಉಳಿದದ್ದೆಲ್ಲ ಕಲಸುಮೇಲೋಗರ. "ಅದೇನೋ ಟೋನಿನ್, ಎಲ್ಲಿ ಸಿಗತ್ತೆ?"

"ಕತ್ತಲಾದ್ರೆ ತಲೆಯೊಳಗೇ ಊರುತ್ತೆ ಭಾವ."

ಇಷ್ಟು ಸಾಕಾಯಿತು. ಬಾಮೈದ ಅತ್ತ ಹೋದದ್ದೇ ತಡ, ಟೈಲರ್ ಮಟಮಟ ಮಧ್ಯಾಹ್ನ ಅಂಗಡಿಯ ಷಟರ್ ಎಳೆದು, ಸಂದುಗೊಂದಿಗೆಲ್ಲ ಲೈನಿಂಗ್ ಬಟ್ಟೆ ತುರುಕಿ, ಬಟ್ಟೆಗಂಟಿಗೆ ಒರಗಿ ಕೂತ. ಮೆಲಟೋನಿನ್ ಬಂತೋ ಇಲ್ಲವೋ, ನಿದ್ದೆಯಂತೂ ಬಂತು.

ಎದುರಿನ ಫೋಟೊ ಸ್ಟುಡಿಯೊದವನು ಬಂದು ಷಟರ್ ಬಡಿದ. ಒಳಗಿಂದ ಬರೀ ಗೊರಗೊರ ಸದ್ದು. "ಅಯ್ಯೋ, ಕೊನೇ ಉಸಿರು ಎಳೀತಿದ್ದಾರೆ!" ಎಂದು ಕೂಗಿಕೊಂಡ. ಬೀದಿಗೆ ಬೀದಿಯೇ ನೆರೆಯಿತು. ಹೆಂಡತಿ ಅಳುತ್ತ ಓಡಿ ಬಂದಳು. ಹಾರೆ ಹಾಕಿ ಷಟರ್ ಮೀಟಿದಾಗ ಟೈಲರ್ ಬಿಸಿಲಿಗೆ ಸಿಕ್ಕ ಗೂಬೆಯಂತೆ ಕಣ್ಣು ಪಿಳಿಪಿಳಿ ಬಿಟ್ಟ.

"ಮಿದುಳಿಗೆ ಮುಪ್ಪು. ಔಷಧಿ ನಡೀತಿತ್ತು," ಎಂದ.

ಗುಂಪಿನಲ್ಲಿದ್ದ ಡಾಕ್ಟರಮ್ಮ ಮುಂದೆ ಬಂದರು. "ಇವರೆಲ್ಲ ನಿಮ್ಮ ಗಿರಾಕಿಗಳೇ ಅಲ್ವಾ? ಒಬ್ಬೊಬ್ಬರ ಅಳತೆ ಹೇಳಿ, ನೋಡೋಣ."

ಟೈಲರ್ ಗಂಟಲು ಸರಿಮಾಡಿಕೊಂಡ. "ಸ್ಟುಡಿಯೊದವರದು ಸೊಂಟ ನಲವತ್ತಾರು, ನಲವತ್ತು ಅಂತ ಬರೆಸ್ತಾರೆ. ಮೇಷ್ಟ್ರಿಗೆ ಒಂದು ಭುಜ ಇಳಿಜಾರು, ಹತ್ತಿ ತುಂಬಿ ಹೊಲೀತೀನಿ. ಬ್ಯಾಂಕಿನ ಮೇಡಂ..."

"ಸಾಕು, ನಿಲ್ಲಿಸ್ರೀ!" ಎಂದು ಬ್ಯಾಂಕಿನ ಮೇಡಂ ಚೀರಿದರು. ಅರ್ಧ ಬೀದಿ ಖಾಲಿಯಾಯಿತು.

ಡಾಕ್ಟರಮ್ಮ ನಕ್ಕರು. "ಮರೆವೂ ಇಲ್ಲ, ಮುಪ್ಪೂ ಇಲ್ಲ. ಮೈಮೇಲೆ ಜ್ಞಾನ ಇಟ್ಕೊಂಡು ಹೊಲೀರಿ, ಅಷ್ಟೇ."

ಟೈಲರ್ ಗೆದ್ದವನಂತೆ ಹೆಂಡತಿಯ ಕಡೆ ತಿರುಗಿದ. ಅವಳ ಅಳು ನಿಂತಿತ್ತು. ಕೈಗಳು ಸೊಂಟಕ್ಕೇರಿದ್ದವು.

"ಪಾಪ, ವಯಸ್ಸಾಯ್ತಲ್ಲ, ಮರೆತಿರ್ತಾರೆ ಅಂತ ಬೆಳಗ್ಗಿಂದ ಬಾಯಿ ಮುಚ್ಕೊಂಡಿದ್ದೆ. ಊರವರ ಸೊಂಟವೆಲ್ಲ ನೆನಪಿದೆ ತಾನೆ? ಈಗ ಹೇಳಿ, ನಮ್ಮಿಬ್ಬರ ಪಾಲಿಗೆ ಇವತ್ತು ಎಂಥಾ ದಿನ?"

ಟೈಲರ್ ಡಾಕ್ಟರಮ್ಮನ ಮುಖ ನೋಡಿದ, ಆಕಾಶ ನೋಡಿದ.

"ಗುರುವಾರ?" ಎಂದ.