ಅತ್ತೆಯ ಗುದ್ದಲಿಗೆ ತಕ್ಕ ಕೇಬಲ್

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಅತ್ತೆಯವರ ಗುದ್ದಲಿಯಿಂದ ಬೆಂಕಿ ಹಾರಿತು. ಸಮಯ ಇಷ್ಟು ಸರಿಯಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಕಣ್ಣೆದುರು ಅನಾಹುತ ನಡೆದರೆ ನಾನು ನೆರವಿಗೆ ಓಡುತ್ತೇನೆ, ಕೂಗುತ್ತೇನೆ, ಏನಾದರೊಂದು ಮಾಡಿಯೇ ಮಾಡುತ್ತೇನೆ ಎಂಬ ಒಳ್ಳೆಯ ಅಭಿಪ್ರಾಯ ನನಗೆ ನನ್ನ ಬಗ್ಗೆ ಇತ್ತು. ನಾನು ಮಾಡಿದ್ದು ಗೋಡೆಯ ಗಡಿಯಾರ ನೋಡಿದ್ದು. ಅಡುಗೆಮನೆಯ ಕಿಟಕಿಯ ಬಳಿ ಚಹಾ ಸೋಸುತ್ತ ನಿಂತಿದ್ದೆ. ಹಿತ್ತಿಲಲ್ಲಿ ಅತ್ತೆ ಗುದ್ದಲಿ ಎತ್ತಿದರು, ಇಳಿಸಿದರು, ‘ಚಟಾರ್’ ಎಂದಿತು, ನೀಲಿ ಬೆಳಕೊಂದು ನೆಲದಿಂದ ಎದ್ದು ಕರಿಬೇವಿನ ಗಿಡದ ಎಲೆಗಳನ್ನೆಲ್ಲ ಒಮ್ಮೆ ತೋರಿಸಿ ಮಾಯವಾಯಿತು. ಮನೆಯೊಳಗೆ ಫ್ರಿಜ್ಜು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ನಾನು ಗಡಿಯಾರ ನೋಡಿದೆ. ಆಮೇಲೆ ಓಡಿದೆ.

ಅತ್ತೆ ಮಣ್ಣಿನ ಗುಡ್ಡೆಯ ಮೇಲೆ ಕಾಲು ಚಾಚಿ ಕೂತಿದ್ದರು. ಗುದ್ದಲಿಯ ತುದಿಯನ್ನು ಯಾರೋ ಕಚ್ಚಿ ತಿಂದ ಹಾಗೆ ಒಂದು ಮೂಲೆ ಕರಗಿಹೋಗಿತ್ತು. ‘ಯಾರೇ ಅದು, ಅಮಾಸಿ ದಿನ ಪಟಾಕಿ ಹಚ್ಚಿದೋರು?’ ಎಂದರು. ನಾನು ಅಳುತ್ತ ಅವರನ್ನು ಹಿಡಿದುಕೊಳ್ಳಲು ಮುಂದೆ ಹೋದರೆ, ‘ಏ ಸುಧಾ, ಮಣ್ಣು ತುಳೀಬ್ಯಾಡ, ಎತ್ತು ಮಾಡಾಕ ಬೇಕು!’ ಎಂದು ಗದರಿದರು. ಗುದ್ದಲಿಯ ಹಿಡಿ ಒಣಗಿದ ಜಾಲಿ ಮರದ್ದು, ಕಾಲಲ್ಲಿ ರಬ್ಬರ್ ಚಪ್ಪಲಿ. ಅಷ್ಟರಿಂದ ಉಳಿದರು. ಅವತ್ತು ಅವರು ಮೊದಲು ಕೇಳಿದ್ದು ಗುದ್ದಲಿಯನ್ನಲ್ಲ, ಕಬ್ಬಿಣದ ಹಾರೆಯನ್ನು. ಅದನ್ನು ಪಕ್ಕದ ಮನೆಯವರು ತೆಗೆದುಕೊಂಡು ಹೋಗಿ ವಾಪಸ್ ಕೊಟ್ಟಿರಲಿಲ್ಲ. ಅದಕ್ಕಾಗಿ ಅವರನ್ನು ನಾನು ಎಷ್ಟು ಬೈದುಕೊಂಡಿದ್ದೆನೋ ಲೆಕ್ಕವಿಲ್ಲ. ಈಗ ಆ ಮನೆಗೆ ಹಬ್ಬಹಬ್ಬಕ್ಕೂ ಹೋಳಿಗೆ ಹೋಗುತ್ತದೆ. ಹಾರೆ ಮನೆಯಲ್ಲೇ ಇದ್ದಿದ್ದರೆ ಎಂಬ ವಾಕ್ಯವನ್ನು ಪೂರ್ತಿ ಮಾಡಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಇಷ್ಟಕ್ಕೆಲ್ಲ ಮೂಲ ಹದಡಿಯ ಎರೆಮಣ್ಣು. ನಾವಿರುವ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಸೈಟಿನ ನೆಲ ಬರೀ ಗರಸು. ಅದರಲ್ಲಿ ಎತ್ತು ಮಾಡುವುದಿರಲಿ, ಒಂದು ಇರುವೆಯನ್ನೂ ಮಾಡಲು ಬರುವುದಿಲ್ಲ. ಮನೆ ಕಟ್ಟಿಸಿದಾಗ ಅತ್ತೆ ತಮ್ಮ ತವರು ಹದಡಿಯಿಂದ ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ತರಿಸಿ ಹಿತ್ತಿಲ ಒಂದು ಬದಿಗೆ ಹಾಕಿಸಿದರು. ಬೆಣ್ಣೆಯಂಥ ಮಣ್ಣು. ಬೋರಿನ ಮೋಟಾರಿಗೆ ನೆಲದೊಳಗಿಂದ ವೈರು ಎಳೆಯುವ ಕಾಲ ಬಂದಾಗ ನಮ್ಮ ಮನೆಯವರು ಇಡೀ ಹಿತ್ತಿಲಿನಲ್ಲಿ ಸುಲಭವಾಗಿ ಅಗೆಯಲು ಬರುವ ಜಾಗ ಹುಡುಕಿದರು. ಸಿಕ್ಕಿತು. ಸಾಧಾರಣ ಮನೆ ವೈರನ್ನು ಗಿಡಕ್ಕೆ ನೀರು ಬಿಡುವ ಹಸಿರು ಪೈಪಿನೊಳಗೆ ತೂರಿಸಿ, ಗೇಣುದ್ದ ಆಳದಲ್ಲಿ ಮಲಗಿಸಿ, ಮೇಲೆ ಮಣ್ಣು ಎಳೆದು, ‘ಏನಾಗಲ್ಲ ಬಿಡು’ ಎಂದರು. ಮೋಟಾರಿನ ಸ್ವಿಚ್ಚು ಬೋರಿನ ಪಕ್ಕದಲ್ಲೇ ಇದ್ದದ್ದರಿಂದ ಮೋಟಾರು ನಿಂತಿದ್ದರೂ ಆ ವೈರಿನಲ್ಲಿ ಕರೆಂಟು ಇದ್ದೇ ಇರುತ್ತಿತ್ತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಆದರೆ ಪಾಠವನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಒಳಗೆ ಬರುವುದು ನನ್ನ ಅಭ್ಯಾಸ.

ಅತ್ತೆ ಆವತ್ತು ಸಂಜೆಯೊಳಗೆ ಎರಡು ಎತ್ತು, ಅವಕ್ಕೆ ಮೇವು ಹಾಕಲು ಒಂದು ಗ್ವಾದಲಿ ಮಾಡಿ ಪೂಜೆ ಮುಗಿಸಿದರು. ನಮ್ಮ ಮನೆಯವರು ಕಡಿದ ವೈರಿಗೆ ಕಪ್ಪು ಟೇಪು ಸುತ್ತಿ, ಮತ್ತೆ ಮಣ್ಣು ಎಳೆದು, ಮತ್ತೆ ‘ಏನಾಗಲ್ಲ ಬಿಡು’ ಎಂದರು. ನೀರು ಬೇಕಲ್ಲ ಎಂಬುದು ಅವರ ವಾದ. ನಾನು ಹೊಸ ವೈರು ಬರುವ ತನಕ ಹಿತ್ತಿಲ ಕಡೆ ಯಾರೂ ಗುದ್ದಲಿ ಒಯ್ಯಬಾರದು ಎಂದೆ.

‘ಅದೆಂಗೆ ಆಗುತ್ತೆ?’ ಎಂದರು ಅತ್ತೆ. ‘ಬರೋ ಮಂಗಳವಾರ ಗುಳ್ಳವ್ವ ಐತೆ.’

ಆಗ ನನಗೆ ನಮ್ಮ ಹಬ್ಬಗಳ ನಿಜವಾದ ಸ್ವರೂಪ ಹೊಳೆಯಿತು. ಮೊದಲು ಮಣ್ಣೆತ್ತು. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ. ಪಂಚಮಿಗೆ ಮಣ್ಣಿನ ನಾಗಪ್ಪ. ಚೌತಿಗೆ ಗಣಪ. ಅದರ ಬೆನ್ನಿಗೇ ಜೋಕುಮಾರ. ಬೇರೆಯವರಿಗೆ ಇದು ಮಳೆಗಾಲದ ಭಕ್ತಿ. ನನ್ನ ಕಣ್ಣಿಗೆ ಅದು ನಮ್ಮ ಅತ್ತೆ ಗುದ್ದಲಿ ಹಿಡಿದು ಕರೆಂಟಿನ ಮೇಲೆ ನಡೆಸುವ ದಂಡಯಾತ್ರೆಯ ವೇಳಾಪಟ್ಟಿಯಾಗಿ ಕಾಣತೊಡಗಿತು.

ನಾನು ಮೇನ್ ಸ್ವಿಚ್ಚಿನ ಕಾವಲು ಶುರುಮಾಡಿದೆ. ಅತ್ತೆ ಹಿತ್ತಿಲ ಬಾಗಿಲು ತೆರೆದರೆ ಮೇನ್ ಆಫ್. ಅವರು ಬರೀ ಒಣಗಿದ ಸೀರೆ ತರಲು ಹೋಗಿದ್ದರೂ ಆಫ್. ರಾತ್ರಿ ಮಲಗುವಾಗಲೂ ಆಫ್. ‘ರಾತ್ರಿ ಯಾರು ಅಗೀತಾರೆ ಮಾರಾಯ್ತಿ?’ ಎಂದು ಇವರು ಬೇಡಿಕೊಂಡರು. ‘ಹೆಗ್ಗಣ’ ಎಂದೆ. ಫ್ಯಾನಿಲ್ಲದ ಮನೆಯಲ್ಲಿ ನಾವು ಮೂವರೂ ಸೊಳ್ಳೆ ಹೊಡೆಯುತ್ತ ಎಚ್ಚರವಾಗಿರುತ್ತಿದ್ದೆವು. ಕಣ್ಣು ಮುಚ್ಚಿದರೆ ಗುದ್ದಲಿ ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು, ನೀಲಿ ಬೆಳಕು ಬರುತ್ತಿತ್ತು. ವಿಚಿತ್ರವೆಂದರೆ ಹಗಲಿನಲ್ಲಿ ನನಗೆ ವಿಪರೀತ ನಗು. ಅತ್ತೆ ರೊಟ್ಟಿ ತಟ್ಟುವುದನ್ನು ಕಂಡರೆ ನಗು, ಅವರು ಇವರನ್ನು ಬೈದರೆ ನಗು. ಇದ್ದಾರಲ್ಲ, ಬೈಯುತ್ತಿದ್ದಾರಲ್ಲ ಎಂದು ಉಬ್ಬಿಹೋಗುತ್ತಿದ್ದೆ. ‘ನಿನ್ನ ಹೆಂಡ್ತೀಗೂ ಒಸಿ ಶಾಕ್ ಹೊಡ್ದೈತೇನೋ, ಡಾಕ್ಟ್ರಿಗೆ ತೋರಿಸು’ ಎಂದು ಅತ್ತೆ ಮಗನಿಗೆ ಹೇಳುವುದು ಕೇಳಿಸಿ ಇನ್ನಷ್ಟು ನಕ್ಕೆ.

ಸುದ್ದಿ ಹರಿಹರಕ್ಕೆ ಮುಟ್ಟಿತು. ಅಲ್ಲಿ ನಮ್ಮಣ್ಣ ಇದ್ದಾನೆ. ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತನಾದವನು. ಅವನಿಗೆ ಜಗತ್ತಿನ ಯಾವ ವಸ್ತುವೂ ಸಾಕಷ್ಟು ದಪ್ಪವಿದೆ ಎನಿಸುವುದಿಲ್ಲ. ಅವನ ಮನೆಯ ಗೇಟು ತೆಗೆಯಲು ಇಬ್ಬರು ಬೇಕು. ಭಾನುವಾರ ಬೈಕಿನಲ್ಲಿ ಬಂದವನು ಗೋಣಿಚೀಲದಿಂದ ಮುಂಗೈ ದಪ್ಪದ, ಕರ್ರಗಿನ ಕೇಬಲ್ ತುಂಡೊಂದನ್ನು ಎಳೆದು ಸೋಫಾದ ಮೇಲೆ ಮಲಗಿಸಿದ.

‘ಇದೇನಪ್ಪಾ, ಪಂಚಮಿಗಿಂತ ಮುಂಚೇನೇ ಹೆಬ್ಬಾವು ತಂದೀಯ?’ ಎಂದರು ಅತ್ತೆ.

‘ಆರ್ಮರ್ಡ್ ಕೇಬಲ್ಲು, ಅತ್ತೆಮ್ಮಾ. ಒಳಗೆ ಉಕ್ಕಿನ ತಂತಿ ಹೆಣೆದಿರ್ತಾರೆ. ಮ್ಯಾಲೆ ಲಾರಿ ಹತ್ತಿದ್ರೂ ಜಪ್ಪಯ್ಯ ಅನ್ನಲ್ಲ.’

‘ನಮ್ಮ ಹಿತ್ತಿಲಿಗೆ ಲಾರಿ ಯಾಕ ಬರ್ತೈತೆ? ಬರೋಳು ನಾನು.’

‘ನಿಮಗಾಗೇ ಇದನ್ನ ತಂದಿರೋದು’ ಎಂದ ಅಣ್ಣ. ಅತ್ತೆಗೆ ಇದು ಹೊಗಳಿಕೆಯಾಗಿ ಕೇಳಿಸಿತು. ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಬಜ್ಜಿ ಹಾಕಿದರು.

ಆ ಕೇಬಲ್ಲು ಬಾಗುತ್ತಲೇ ಇರಲಿಲ್ಲ. ಅದನ್ನು ಹಾಕಬೇಕಾದರೆ ಮನೆಯನ್ನೇ ಸ್ವಲ್ಪ ತಿರುಗಿಸಿ ಕಟ್ಟಬೇಕಿತ್ತು. ಹಾಗಾಗಿ ನಾನೂ ಇವರೂ ಮಂಡಿಪೇಟೆಯ ಎಲೆಕ್ಟ್ರಿಕ್ ಅಂಗಡಿಗೆ ಹೋದೆವು. ಅಂಗಡಿಯ ಸಾಹುಕಾರರು ‘ಬರ್ರಿ ಅಕ್ಕಾರೆ, ಕೂಡ್ರಿ’ ಎಂದು ಕುರ್ಚಿ ತೋರಿಸಿ ವಿಚಾರಣೆ ಶುರುಮಾಡಿದರು. ಮನೆಗೋ ಮಿಲ್ಲಿಗೋ? ಮೋಟಾರು ಎಷ್ಟು ಹೆಚ್‌ಪಿ? ಮೀಟರಿನಿಂದ ಎಷ್ಟು ದೂರ? ಗೋಡೆಗೆ ಹೊಡೀತೀರೋ, ಮಣ್ಣಿನಾಗ ಹೂಳ್ತೀರೋ? ಥೇಟ್ ಹುಡುಗಿ ನೋಡಲು ಬಂದವರ ಹಾಗೆ. ಎಲ್ಲಕ್ಕೂ ಇವರು ಉತ್ತರ ಕೊಟ್ಟರು. ಕೊನೆಗೆ ಸಾಹುಕಾರರು, ‘ಅಲ್ಲಿ ಅಗೆಯೋದು ಗಿಗೆಯೋದು ಏನರ ಐತೇನು?’ ಎಂದರು.

‘ನಮ್ಮ ಅತ್ತೆ ಇದಾರೆ’ ಎಂದೆ.

ಸಾಹುಕಾರರು ಕನ್ನಡಕ ತೆಗೆದರು. ‘ಜೋರು ಹೊಡೀತಾರೇನು?’

‘ಹದಡಿಯೋರು’ ಎಂದರು ಇವರು. ಸಾಹುಕಾರರಿಗೆ ಅರ್ಥವಾಯಿತು. ಸಪೂರ ಕೇಬಲ್ಲೊಂದರ ತುಂಡು ತಂದು ನಮ್ಮೆದುರು ಸುಲಿಯತೊಡಗಿದರು. ಹೊರಗೆ ಕಪ್ಪು ಕೋಟು. ಅದರ ಕೆಳಗೆ ಜಡೆ ಹೆಣೆದ ಹಾಗೆ ಸುತ್ತಿದ ಉಕ್ಕಿನ ತಂತಿ. ಅದರ ಕೆಳಗೆ ಇನ್ನೊಂದು ಕೋಟು. ಅದರೊಳಗೆ ಕೆಂಪು, ಕಪ್ಪು, ಹಸಿರು ಅಂಗಿ ತೊಟ್ಟ ಮೂರು ತಾಮ್ರದ ತಂತಿ. ಚಳಿಗಾಲದಲ್ಲಿ ಬೆಳಗಿನ ಬಸ್ಸಿಗೆ ಹರಿಹರಕ್ಕೆ ಹೊರಟ ನಮ್ಮ ಅತ್ತೆಯನ್ನು ನೋಡಿದ ಹಾಗಾಯಿತು: ಶಾಲು, ಅದರೊಳಗೆ ಸ್ವೆಟರು, ಅದರೊಳಗೆ ಇವರ ಹಳೆಯ ಸ್ವೆಟರು. ನನಗೆ ಆ ಕೇಬಲ್ಲಿನ ಮೇಲೆ ಒಮ್ಮೆಲೇ ಪ್ರೀತಿ ಬಂತು.

‘ಇದನ್ನ ಗುದ್ದಲಿ ಕಡಿಯಲ್ಲ ಅಲ್ವಾ?’

‘ಅಕ್ಕಾರೆ, ಆರ್ಮರ್ ಇರೋದು ಹೊಡೀರಿ ಅಂತ ಅಲ್ಲ. ತಪ್ಪಿ ಏಟು ಬಿದ್ರೆ ತಡ್ಕಣಾಕ. ಈ ಉಕ್ಕಿಗೆ ಎರಡೂ ತುದೀಲಿ ಗ್ಲ್ಯಾಂಡ್ ಅನ್ನೋ ಹಿತ್ತಾಳೆ ತಿರುಪು ಹಾಕಿ ಅರ್ಥಿಂಗ್ ಕೊಡ್ಸಿ. ಕೊಡಲಿಲ್ಲಾಂದ್ರೆ ಅದು ಬರೀ ಅಂಗಿ. ಜತಿಗೆ ಲೀಕಾದ ತಕ್ಷಣ ಟ್ರಿಪ್ ಆಗೋ ಸ್ವಿಚ್ಚು. ಆಳಕ್ಕ ಹೂಳ್ರಿ, ಕೆಳಗೆ ಮ್ಯಾಲೆ ಉಸುಕು, ಅದರ ಮ್ಯಾಲೆ ಸಾಲಾಗಿ ಇಟ್ಟಿಗೆ. ಆಮ್ಯಾಲೆ ಭರೋಸ.’

‘ಇಷ್ಟೆಲ್ಲಾ ಬೇಕಾ? ಏನಾಗಲ್ಲ...’ ಎಂದು ಇವರು ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಉಳಿದ ಮಾತನ್ನು ನುಂಗಿಕೊಂಡರು.

ಆಮೇಲೆ ನನಗೆ ಕೇಬಲ್ಲಿನ ಹುಚ್ಚು ಹಿಡಿಯಿತು. ಸಾಹುಕಾರರು ಸುಲಿದು ಕೊಟ್ಟ ಆ ತುಂಡನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆಗೆಯುವ ಬದಲು ಅದನ್ನು ತೆಗೆದೆ. ಹರಿಹರದಲ್ಲಿ ಅಣ್ಣನ ಗೆಳೆಯರ ಮನೆಯ ಸೀಮಂತಕ್ಕೆ ಹೋದಾಗ ಶಾಮಿಯಾನದ ವೈರು ನೆಲದಲ್ಲಿ ಹೇಗೆ ಹೋಗಿದೆ ಎಂದು ಮಂಡಿಯೂರಿ ನೋಡುತ್ತಿದ್ದೆ. ಎದ್ದು ನೋಡಿದರೆ ಬಸುರಿ ಹುಡುಗಿ ಗಾಬರಿಯಾಗಿ, ‘ಆಂಟಿ, ನನ್ನ ಕಾಲಿಗೆ ಯಾಕ್ರಿ ಬೀಳ್ತೀರಿ’ ಎಂದು ಹಿಂದೆ ಸರಿಯುತ್ತಿದ್ದಳು.

ಅಂತೂ ಕೇಬಲ್ಲು ಬಂತು. ಎಲೆಕ್ಟ್ರಿಷಿಯನ್ನು ಕೆಲಸ ಮಾಡುವಾಗ ನಾನು ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಂತೆ ಸುತ್ತಿದೆ. ಸೊಂಟದ ಹತ್ತಿರದ ಆಳ, ಉಸುಕು, ಕೇಬಲ್ಲು, ಉಸುಕು, ಇಟ್ಟಿಗೆ, ಅದರ ಮೇಲೆ ಹದಡಿಯ ಎರೆಮಣ್ಣು. ಎರಡೂ ತುದಿಗೆ ಅರ್ಥಿಂಗು. ಟ್ರಿಪ್ ಆಗುವ ಸ್ವಿಚ್ಚನ್ನು ನಾನೇ ಅದರ ಗುಂಡಿ ಒತ್ತಿ ಒತ್ತಿ ಪರೀಕ್ಷಿಸಿ, ಅಕ್ಕಿ ರುಬ್ಬುತ್ತಿದ್ದ ಅತ್ತೆಯ ಗ್ರೈಂಡರನ್ನು ನಿಲ್ಲಿಸಿ ನಿಲ್ಲಿಸಿ ಬೈಸಿಕೊಂಡೆ. ಇನ್ನೇನು, ಎಲ್ಲ ಸರಿಹೋಯಿತಲ್ಲ. ಅವತ್ತು ರಾತ್ರಿ ಮಲಗುವ ಮುಂಚೆ ನನ್ನ ಕೈ ತಾನಾಗಿಯೇ ಹೋಗಿ ಮೇನ್ ಆಫ್ ಮಾಡಿತು. ಮರುದಿನವೂ ಮಾಡಿತು. ಪುಸ್ತಕಕ್ಕೆ ಗೊತ್ತಿರುವುದೆಲ್ಲ ಕೈಗೆ ಗೊತ್ತಿರುವುದಿಲ್ಲ. ಹಿತ್ತಿಲಿಗೆ ಗುದ್ದಲಿ ಒಯ್ಯಲು ನಾನು ಬಿಡದ್ದರಿಂದ ಗುಳ್ಳವ್ವನ ಮಂಗಳವಾರಗಳಿಗೆ ಅತ್ತೆ ಮಣ್ಣನ್ನು ಎದುರು ಮನೆಯಿಂದ ಕಡ ತರಬೇಕಾಯಿತು. ಅವರ ಮುಖ ದಿನದಿನಕ್ಕೆ ದಪ್ಪವಾಯಿತು, ಸೊಳ್ಳೆ ಕಡಿತದಿಂದ ಒಂದು ಪಾಲು, ಸಿಟ್ಟಿನಿಂದ ಒಂದು ಪಾಲು.

ಪಂಚಮಿಯ ಹಿಂದಿನ ದಿನ ಅವರು ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಎತ್ತಿದರು. ನಾನು ಮೇನ್ ಸ್ವಿಚ್ಚಿನ ಕಡೆ ಓಡಿದೆ. ಅಲ್ಲಿ ನಮ್ಮ ಮನೆಯವರು ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. ತಾಯಿ ಮಗ ಮೊದಲೇ ಮಾತಾಡಿಕೊಂಡಿದ್ದರು.

‘ಆನ್ ಇರಲಿ!’ ಎಂದು ಅತ್ತೆ ಹಿತ್ತಿಲಿಂದ ಕೂಗಿದರು. ‘ಬಾ ಇಲ್ಲಿ. ನಿನ್ನ ಮುಂದೇನೇ ಅಗೀತೀನಿ. ಇವತ್ತು ನಾನರ ಇರಬೇಕು, ಇಲ್ಲ ನಿನ್ನ ಹೆದರಿಕೆ ಇರಬೇಕು.’

‘ಅತ್ತೀ, ಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ!’

‘ಬೀಳೋದಾದ್ರೆ ಆ ಕಡೆ ಬೀಳು. ಮಣ್ಣು ತುಳೀಬ್ಯಾಡ.’

ಗುದ್ದಲಿ ಮೇಲೆದ್ದಿತು. ಅದೇ ಮೂಲೆ ಕರಗಿದ ಗುದ್ದಲಿ. ನಾನು ಕಣ್ಣು ಮುಚ್ಚಲಿಲ್ಲ. ಅಷ್ಟು ದಿನದಿಂದ ಮುಚ್ಚಿದ ಕಣ್ಣೊಳಗೇ ಅದನ್ನು ನೋಡಿ ಸಾಕಾಗಿತ್ತು. ಒಂದು ಏಟು. ಮತ್ತೊಂದು. ಇನ್ನೂ ನಾಲ್ಕಾರು. ‘ಟಣ್!’ ಫ್ರಿಜ್ಜು ಒಳಗೆ ಗುಂಯ್‌ಗುಡುತ್ತಲೇ ಇತ್ತು. ಅತ್ತೆ ಬಗ್ಗಿ ಒಂದು ಇಟ್ಟಿಗೆ ಎತ್ತಿ ತೆಂಗಿನಕಾಯಿಯಂತೆ ನನ್ನ ಮಡಿಲಿಗೆ ಹಾಕಿದರು. ‘ತಗಾ. ನಿನ್ನ ಕೇಬಲ್ಲು ಇನ್ನೂ ಪಾತಾಳದಾಗೈತೆ. ಇನ್ನು ಫ್ಯಾನ್ ಹಾಕು ತಾಯಿ.’ ನಾನು ಇಟ್ಟಿಗೆಯನ್ನು ತಬ್ಬಿಕೊಂಡು ಅಲ್ಲೇ ಕೂತು, ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯದೆ, ಎರಡನ್ನೂ ಮಾಡಿದೆ.

ನಾಗಪ್ಪ ಮಾತ್ರ ಆಗಲಿಲ್ಲ. ನನ್ನ ಸುರಕ್ಷತೆಯ ಉಸುಕೆಲ್ಲ ಎರೆಮಣ್ಣಿಗೆ ಕೂಡಿಕೊಂಡಿತ್ತು; ಅತ್ತೆ ಎಷ್ಟು ಸಲ ಎತ್ತಿ ನಿಲ್ಲಿಸಿದರೂ ಹೆಡೆ ಮೆಲ್ಲಗೆ ಬಾಗಿ ಮಣೆಯ ಮೇಲೆ ಒರಗಿಬಿಡುತ್ತಿತ್ತು. ‘ಮಲಗ್ಲಿ ಬಿಡು, ಪಾಪ, ಅವನಿಗೂ ಎಷ್ಟು ದಿನದ ನಿದ್ದೀನೋ’ ಎಂದು ಅತ್ತೆ ಮಲಗಿದ ನಾಗಪ್ಪನಿಗೇ ಜೋಳದ ಕಣ್ಣಿಟ್ಟರು. ಇನ್ನು ಮುಂದೆ ಹಬ್ಬದ ಮಣ್ಣು ಹದಡಿಯಿಂದಲೇ ಚೀಲದಲ್ಲಿ ಬರಲಿ, ಈ ಹಿತ್ತಿಲನ್ನು ಯಾರೂ ಅಗೆಯುವುದು ಬೇಡ ಎಂದು ಅವರೇ ಹೇಳಿದರು.

ಆ ರಾತ್ರಿ ಮೇನ್ ಆನ್ ಇತ್ತು, ಮೂರು ಫ್ಯಾನು ತಿರುಗುತ್ತಿದ್ದವು, ನಾವು ಮೂವರೂ ಹಾಲಿನವನು ಗೇಟು ಬಡಿಯುವ ತನಕ ಮಲಗಿದೆವು. ನಿದ್ದೆ ಹತ್ತುವ ಮುಂಚೆ ನನಗೆ ಬಂದ ಕೊನೆಯ ಯೋಚನೆಯನ್ನು ನಿಮಗೆ ಮಾತ್ರ ಹೇಳುತ್ತೇನೆ, ಅತ್ತೆಗೆ ತಿಳಿಸಬೇಡಿ. ಇನ್ನು ಅಲ್ಲಿ ಯಾರೂ ಅಗೆಯುವುದಿಲ್ಲವಂತೆ. ಅಷ್ಟು ಹುಡುಕಿ, ಅಷ್ಟು ಸುಲಿದು ನೋಡಿ ತಂದ ಉಕ್ಕಿನ ಅಂಗಿ. ಒಂದೇ ಒಂದು ಪ್ರಶ್ನೆಗೂ ಉತ್ತರ ಬರೆಯದೆ ಪಾಸಾಗಿಬಿಟ್ಟಿತ್ತು. ಇನ್ನೊಂದು ಇಟ್ಟಿಗೆ ತೆಗೆದು ನೋಡಬಹುದಿತ್ತಲ್ಲ ಎಂದು ನನಗೆ ಸ್ವಲ್ಪ ಬೇಜಾರಾಯಿತು.